ಒಳಗೆ ಮಲಗಿದ್ದಾರೆ

"ಪಕ್ಕಕ್ಕೆ ಸರೀರಿ!"

ಕೂಗಿದ್ದು ಯಾರು ಎಂದು ಅವಳು ತಿರುಗುವಷ್ಟರಲ್ಲಿ ಬುಸ್ ಎಂದು ಸದ್ದಾಯಿತು. ಅಡುಗೆಮನೆಯೆಲ್ಲ ಬೆಳ್ಳಗಾಯಿತು.

ಒಲೆ ಬೆಳ್ಳಗೆ. ಗೋಡೆ ಬೆಳ್ಳಗೆ. ನಿಂಬೆರಸ, ಜೀರಿಗೆಪುಡಿ, ಮೆಣಸಿನಪುಡಿ ಸವರಿ ಬೆಳಗಿನಿಂದ ನೆನೆಸಿಟ್ಟಿದ್ದ ಕೋಳಿ... ಅಯ್ಯೋ, ಅದೂ ಬೆಳ್ಳಗೆ!

ಪುಡಿ ಇಳಿದಾಗ ಎದುರಿಗೆ ಒಬ್ಬ ಗಂಡಸು ನಿಂತಿದ್ದ. ಕೈಯಲ್ಲಿ ಕೆಂಪು ಸಿಲಿಂಡರ್, ಹುಬ್ಬಿನ ತುಂಬ ಪುಡಿ.

"ಬೆಂಕಿ ಆರಿತು," ಎಂದ, ಏದುಸಿರು ಬಿಡುತ್ತ.

"ಬೆಂಕಿ ಎಲ್ಲಿತ್ತು?! ಅದು ಬರೀ ಹೊಗೆ! ಬಾಣಲೆ ಹಾಗೇ ಕಾಯ್ಬೇಕು! ಇದು ಫಹೀತಾ ರೀ!"

"ಏನು... ಹೀತಾ?"

ಅವಳಿಗೆ ಅಳು ಬರುವುದೊಂದು ಬಾಕಿ. ಮಸಾಲೆ ಕಂಪನಿಯೊಂದರಲ್ಲಿ ಪ್ಯಾಕೆಟ್ಟಿನ ಹಿಂಬದಿಗೆ 'ಮಾಡುವ ವಿಧಾನ' ಬರೆಯುವುದು ಅವಳ ಕೆಲಸ. ಈ ಸಲ ಕಂಪನಿ ಟೆಕ್ಸ್-ಮೆಕ್ಸ್, ಅಂದರೆ ಟೆಕ್ಸಾಸ್ ಕಡೆಯ ಮೆಕ್ಸಿಕನ್ ಅಡುಗೆಯ, ಮಸಾಲೆಗಳನ್ನು ತರುತ್ತಿತ್ತು, ಎಲ್ಲವೂ ಕೋಳಿಗೆ. ತನ್ನ ಮನೆಯ ಒಲೆಯ ಮೇಲೆ ತಾನೇ ಮಾಡಿ ನೋಡದ ಹೊರತು ಒಂದು ಸಾಲನ್ನೂ ಬರೆಯುವವಳಲ್ಲ ಅವಳು. ಮೂಲ ಪಾಕವಿಧಾನದಲ್ಲಿ 'ಬಾಣಲೆಯಿಂದ ಹೊಗೆ ಬರುವವರೆಗೆ ಕಾಯಿಸಿ' ಎಂದಿತ್ತು. ಕಾಯಿಸಿದ್ದಳು. ಕೆಮ್ಮು ತಡೆಯಲಾರದೆ ಮುಂಬಾಗಿಲು ತೆರೆದಿಟ್ಟಿದ್ದೇ ತಪ್ಪಾಯಿತು.

ಅವನು ಸಿಲಿಂಡರ್ ಕೆಳಗಿಟ್ಟು, ಸುತ್ತ ಕಣ್ಣಾಡಿಸಿ ಗಡುಸಾಗಿ ಕೇಳಿದ:

"ಮನೇಲಿ ಬೇರೆ ಯಾರಿದಾರೆ?"

ಪಾಪ, ಅವನ ಕಸುಬೇ ಅದು. ಕಟ್ಟಡಗಳಲ್ಲಿ ತೂಗುಹಾಕುವ ಬೆಂಕಿ ಆರಿಸುವ ಸಿಲಿಂಡರುಗಳಿಗೆ ಪುಡಿ ತುಂಬುವುದು, ಒತ್ತಡ ಪರೀಕ್ಷಿಸುವುದು. ಹೊಗೆ ಕಂಡ ಕಡೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯನ್ನೇ ಅವನು ಕೇಳಿದ್ದ. ಆದರೆ ಒಂಟಿಯಾಗಿರುವ ಹೆಣ್ಣಿನ ಕಿವಿಗೆ ಆ ಪ್ರಶ್ನೆ ಬೇರೆಯೇ ಆಗಿ ಕೇಳಿಸುತ್ತದೆ ಅಲ್ಲವೇ? ಅಪರಿಚಿತ ಗಂಡಸು, ತೆರೆದ ಬಾಗಿಲು...

"ನಮ್ಮನೆಯವರಿದಾರೆ!" ಎಂದುಬಿಟ್ಟಳು. "ಒಳಗೆ ಮಲಗಿದಾರೆ!"

"ಈ ಹೊಗೇಲಿ ಮಲಗಿದಾರಾ?!" ಅವನು ಮಲಗುವ ಕೋಣೆಯ ಕಡೆಗೆ ನುಗ್ಗಿಯೇಬಿಟ್ಟ.

"ಬೇಡ!" ಅವಳು ಬಾಗಿಲಿಗೆ ಅಡ್ಡ ನಿಂತಳು. "ಅವರಿಗೆ ರಾತ್ರಿ ಪಾಳಿ. ಎಬ್ಬಿಸಿದ್ರೆ... ತುಂಬಾ ಕೋಪ ಬರತ್ತೆ. ಒಳಗೆ ಕಿಟಕಿ ತೆಗೆದಿದೆ. ಅವರಿಗೇನೂ ಆಗಿಲ್ಲ."

ತಕ್ಷಣ ಅವನ ದನಿ ಇಳಿಯಿತು. ಇಷ್ಟು ದೊಡ್ಡ ಆಳಿಗೆ ಅಷ್ಟು ಸಣ್ಣ ದನಿ ಎಲ್ಲಿಂದ ಬಂತೋ!

"ಸಾರಿ," ಎಂದು ಪಿಸುಗುಟ್ಟಿದ. "ನಾನು ಕೆಳಗಿನ ಮನೆಯವನು. ಆ ಕೋಳಿ ತಿನ್ಬೇಡಿ, ಪುಡಿ ಒಳ್ಳೇದಲ್ಲ. ಬರ್ತೀನಿ."

ಸಿಲಿಂಡರನ್ನು ಮಗುವಿನಂತೆ ಎತ್ತಿಕೊಂಡು, ತುದಿಗಾಲಲ್ಲಿ ನಡೆದು ಹೊರಟುಹೋದ.

ಅವಳು ಕೋಣೆಯ ಬಾಗಿಲು ತೆರೆದು ನೋಡಿದಳು. ಒಬ್ಬರು ಮಲಗುವ ಮಂಚ. ಮಡಿಸಿಟ್ಟ ಹೊದಿಕೆ. ಒಳಗೆ ಯಾರೂ ಇರಲಿಲ್ಲ. ಯಾವತ್ತೂ ಇರಲಿಲ್ಲ.

* * *

ಅವಳ ಕಥೆ ದೊಡ್ಡದೇನಲ್ಲ. ಅಮ್ಮ ಬೇಗ ಹೋದರು. ಅಕ್ಕ ಮದುವೆಯಾಗಿ ದೂರ ಹೋದಳು. ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳಲು ಇವಳು ಉಳಿದಳು. ಇವಳನ್ನು ನೋಡಲು ಬಂದವರೆಲ್ಲ ಅಪ್ಪನನ್ನೂ ನೋಡಿ, ಕಾಫಿ ಕುಡಿದು ಹೊರಟುಹೋದರು. ಕೊನೆಗೊಂದು ದಿನ ಅಪ್ಪನೂ ಹೋದರು. ಆಮೇಲೆ ಬರುವವರು ಯಾರೂ ಇರಲಿಲ್ಲ.

ಪ್ಯಾಕೆಟ್ಟಿನ ಮೇಲೆ ಯಾವಾಗಲೂ 'ನಾಲ್ಕು ಮಂದಿಗೆ' ಎಂದಿರುತ್ತದೆ. ಅಳತೆ ಕಡಿಮೆ ಮಾಡಿದರೆ ರುಚಿ ಸರಿಯಾಗಿ ತಿಳಿಯದು. ಹಾಗಾಗಿ ನಾಲ್ವರಿಗಾಗುವಷ್ಟು ಮಾಡಿ, ಒಬ್ಬಳೇ ತಿಂದು, ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು, ಅದನ್ನೇ ದಿನಗಟ್ಟಲೆ ಬಿಸಿ ಮಾಡಿ ತಿನ್ನುತ್ತಿದ್ದಳು. ಆ ವಾರ ಎರಡನೇ ಸಲ, ಕೋಳಿ, ಈರುಳ್ಳಿ, ಕ್ಯಾಪ್ಸಿಕಂ ಸೇರಿಸಿ ಹುರಿಯುವ ಆ ಫಹೀತಾ ಮಾಡಿದಾಗ ಮಾತ್ರ ಯಾಕೋ ಒಂದು ಡಬ್ಬಿ ತುಂಬಿ ಕೆಳಗಿನ ಮನೆಯ ಬಾಗಿಲು ತಟ್ಟಿದಳು.

"ಇದು ನೀವು ಬಿಳಿ ಮಾಡದೇ ಇದ್ದಿದ್ರೆ ಹೇಗಿರ್ತಿತ್ತು ಅಂತ ತೋರಿಸೋಕೆ!"

ಅವನು ನಕ್ಕ. ಮರುದಿನ ಮಧ್ಯಾಹ್ನ ತೊಳೆದ ಡಬ್ಬಿಯೊಂದಿಗೆ ಮೇಲೆ ಬಂದ. ಬೆಲ್ ಒತ್ತಲಿಲ್ಲ, ಉಗುರಿನಿಂದ ಬಾಗಿಲು ಗೀರಿದ.

"ಮಲಗಿದಾರಾ?" ಪಿಸುಮಾತು.

ಅವಳಿಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಆಮೇಲೆ ನೆನಪಾಯಿತು... ಅಯ್ಯೋ ದೇವರೇ, ನನಗೊಬ್ಬ ಗಂಡ ಇದ್ದಾನಲ್ಲ!

"ಹೂಂ... ಮಲಗಿದಾರೆ."

"ಕೋಳಿ ಚೆನ್ನಾಗಿತ್ತು. ಈರುಳ್ಳಿ ಇನ್ನೂ ಸ್ವಲ್ಪ ಕಪ್ಪಾಗ್ಬಹುದಿತ್ತೇನೋ. ಅವರಿಗೆ ಇಷ್ಟ ಆಯ್ತಾ?"

"ಹೂಂ. ಖಾರ ಕಮ್ಮಿ ಅಂದ್ರು."

ಆಗಲೇ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಇಬ್ಬರೂ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ನಿಜ ಹೇಳಬೇಕೆಂದರೆ, 'ಅವರು' ಎಂದು ಹೇಳುವಾಗ ಅವಳ ನಾಲಿಗೆಗೆ ಹಿತವಾಗಿತ್ತು. ನನ್ನ ಅಡುಗೆಗೆ ಖಾರ ಕಮ್ಮಿ ಎನ್ನುವವರೊಬ್ಬರು ಮನೆಯಲ್ಲಿದ್ದಾರೆ... ಸುಳ್ಳೇ ಇರಲಿ, ಕೇಳಲು ಎಷ್ಟು ಚೆನ್ನ!

ಹೀಗೇ ಶುರುವಾಯಿತು. ತೆಳು ರೊಟ್ಟಿಯಂಥ ಟೋರ್ಟಿಯಾದ ನಡುವೆ ಕೋಳಿ, ಚೀಸ್ ಇಟ್ಟು ಮಡಿಸಿ ಬೇಯಿಸಿದ ಕೇಸಡಿಯಾ. ಹುರಿದ ಟೋರ್ಟಿಯಾ ಚೂರುಗಳು ತೇಲುವ ಕೋಳಿ ಸೂಪು. ಮಾಡಿದ್ದರಲ್ಲಿ ಒಂದು ಪಾಲು ಕೆಳಗೆ ಹೋಗುತ್ತಿತ್ತು. ಮರುದಿನ ಡಬ್ಬಿ ಮೇಲೆ ಬರುತ್ತಿತ್ತು. ಹೊಸ್ತಿಲಿನ ಆಚೆ ಅವನು, ಈಚೆ ಅವಳು, ನಡುವೆ ಪಿಸುಮಾತು.

ಒಂದು ದಿನ ಬರುವಾಗ ಎಣ್ಣೆ ಬಾಟಲಿ ತಂದು, ಕುಕ್ಕರುಗಾಲಲ್ಲಿ ಕೂತು ಅವಳ ಬಾಗಿಲಿನ ತಿರುಗಣಿಗಳಿಗೆಲ್ಲ ಎಣ್ಣೆ ಬಿಟ್ಟ.

"ಕಿರ್ ಅಂತಿತ್ತು. ಅವರಿಗೆ ನಿದ್ದೆ ಕೆಡುತ್ತೆ."

ಇಲ್ಲದ ಗಂಡನ ನಿದ್ದೆಗೆ ಇಷ್ಟು ಮರ್ಯಾದೆ! ನನ್ನ ನಿದ್ದೆಯನ್ನು ಯಾರು ಕೇಳಿದ್ದಾರೆ ಇಷ್ಟು ವರ್ಷ?

ನಾಳೆ ಹೇಳುತ್ತೇನೆ ಎಂದುಕೊಂಡಳು. ನಾಳೆ ಬಂತು, ಹೇಳಲಿಲ್ಲ.

* * *

ಎಂಚಿಲಾಡಾ ಕೊಟ್ಟ ಮರುದಿನ ಅವನು ಬಂದಾಗ ಮುಖ ಎಂದಿನಂತಿರಲಿಲ್ಲ. ಕೋಳಿ ಬಿಡಿಸಿ ಟೋರ್ಟಿಯಾದಲ್ಲಿ ಸುತ್ತಿ, ಮೇಲೆ ಕೆಂಪು ಮೆಣಸಿನ ಗೊಜ್ಜು, ಚೀಸ್ ಹಾಕಿ ಓವನ್ನಿನಲ್ಲಿ ಬೇಯಿಸಿದ್ದಳು. ಅಷ್ಟು ಚೆನ್ನಾಗಿ ಯಾವುದೂ ಬಂದಿರಲಿಲ್ಲ.

"ಇನ್ಮೇಲೆ ನನಗೆ ಕೊಡ್ಬೇಡಿ," ಎಂದು ಪಿಸುಗುಟ್ಟಿದ.

"ಯಾಕೆ? ಹಿಡಿಸ್ಲಿಲ್ವಾ?"

"ಹಿಡಿಸ್ತು. ಅದೇ ತೊಂದರೆ." ಡಬ್ಬಿಯ ಮುಚ್ಚಳ ನೋಡುತ್ತ ನಿಂತ. "ಮಧ್ಯಾಹ್ನ ಆದ್ರೆ ಸಾಕು, ಮೇಲೆ ಬಾಣಲೆ ಸದ್ದಾಗತ್ತಾ ಅಂತ ಕಿವಿ ಅಲ್ಲೇ ಇರತ್ತೆ. ವರ್ಕ್‌ಶಾಪಿಂದ ಊಟಕ್ಕೆ ಮನೆಗೆ ಓಡಿ ಬರ್ತೀನಿ. ಊಟಕ್ಕಲ್ಲ... ನಿಮ್ಮ ಜೊತೆ ಎರಡು ಮಾತಾಡೋಕೆ. ನಿಮ್ಮ ಯಜಮಾನ್ರು ನಂಬಿಕೆಯಿಂದ ಒಳಗೆ ಮಲಗಿರ್ತಾರೆ. ನಾನು ಇಲ್ಲಿ ನಿಂತು... ಛೆ! ನನಗೆ ನನ್ನ ಮುಖ ನೋಡ್ಕೊಳ್ಳೋಕೆ ಆಗ್ತಿಲ್ಲ."

ಹೇಳು! ಈಗಲಾದರೂ ಹೇಳು! ಅವಳ ಮನಸ್ಸು ಕಿರುಚಿತು. ಬಾಯಿ ತೆರೆದಳು. ಏನೆಂದು ಹೇಳುವುದು? ನಿಮ್ಮನ್ನು ಕಳ್ಳನೆಂದುಕೊಂಡು ಒಬ್ಬ ಗಂಡನನ್ನು ಹುಟ್ಟಿಸಿದೆ, ಆಮೇಲೆ ಅವನನ್ನು ಕಳಿಸಲು ಮನಸ್ಸು ಬರಲಿಲ್ಲ ಎಂದೇ? ಹುಚ್ಚಿ ಎಂದುಕೊಳ್ಳುವುದಿಲ್ಲವೇ?

"ಒಂದು ಮಾತು," ಎಂದ ಅವನು, ಮೆಟ್ಟಿಲಿಳಿಯುವ ಮೊದಲು. "ತಪ್ಪು ತಿಳ್ಕೋಬೇಡಿ. ಒಂದಿನ ಆದ್ರೂ ಎದ್ದು ನಿಮ್ಮ ಜೊತೆ ಕೂತು ಊಟ ಮಾಡೋಕೆ ಹೇಳಿ ಅವರಿಗೆ. ನೀವು ಯಾವಾಗ ನೋಡಿದ್ರೂ ಒಬ್ಬರೇ ತಿಂದಿರೋ ಥರ ಕಾಣ್ತೀರಿ."

ಬಾಗಿಲು ಮುಚ್ಚಿಕೊಂಡಳು. ಎಣ್ಣೆ ಕುಡಿದ ಬಾಗಿಲು ಕಿರ್ ಎನ್ನಲೂ ಇಲ್ಲ. ಆ ನಿಶ್ಶಬ್ದಕ್ಕೆ ಅವಳು ಬಿಕ್ಕಿ ಬಿಕ್ಕಿ ಅತ್ತಳು.

* * *

ಆಮೇಲಿನ ಮಧ್ಯಾಹ್ನಗಳು ಹೇಗಿದ್ದವೆಂದು ಕೇಳಬೇಡಿ. ಅವನು ಊಟಕ್ಕೆ ಮನೆಗೆ ಬರುವುದನ್ನೇ ಬಿಟ್ಟ. ಅವಳು ಮಾಡಿದಳು, ಒಂದು ತುತ್ತು ತಿಂದಳು, ಫ್ರಿಜ್ಜಿಗಿಟ್ಟಳು. ಮೊದಲೂ ಒಬ್ಬಳೇ ಇದ್ದವಳು ತಾನೆ? ಆದರೆ ಆಗ ಯಾರಿಗೂ ಕಾಯುತ್ತಿರಲಿಲ್ಲ.

"ಅವರು ಮನೆ ಖಾಲಿ ಮಾಡ್ತಿದಾರಂತೆ ಮೇಡಂ," ಎಂದ ಗೇಟಿನ ಕಾವಲುಗಾರ ಒಂದು ಬೆಳಿಗ್ಗೆ. "ಬೆಂಕಿ ಸಾಹೇಬ್ರು. ನಾಳೆ ಸಾಮಾನು ಸಾಗಿಸ್ತಾರಂತೆ."

ಅವಳು ಮೆಟ್ಟಿಲ ಮೇಲೇ ಕೂತು ಅಕ್ಕನಿಗೆ ಫೋನ್ ಮಾಡಿದಳು. ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದಳು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಂಗಿ ನಗುತ್ತಿಲ್ಲ ಎಂದು ತಿಳಿದ ಮೇಲೆ ಸುಮ್ಮನಾದಳು.

"ಪುಟ್ಟೀ... ಒಂದು ಕೇಳ್ತೀನಿ. ಇಲ್ಲದ ಗಂಡನಿಗೆ ಇಷ್ಟು ನಿಯತ್ತು ಯಾಕೆ?"

"ನಾಚಿಕೆ ಆಗತ್ತೆ ಕಣೇ ಅಕ್ಕ. ಒಬ್ಬಳೇ ಇದೀನಿ ಅಂತ ಬಾಯಿಬಿಟ್ಟು ಹೇಳೋಕೆ."

"ನಾಚಿಕೆ ಒಂದಿನ ಇರತ್ತೆ. ಅವನು ಹೋದ್ಮೇಲೆ?"

ಅವಳು ಫೋನಿಟ್ಟು ಅಡುಗೆಮನೆಗೆ ಹೋದಳು. ಬೇಯಿಸಿ ಬಿಡಿಸಿದ ಕೋಳಿ, ಟೋರ್ಟಿಯಾ ಚೂರು, ಹುರಿದ ಕ್ಯಾಪ್ಸಿಕಂ, ಟೊಮೆಟೊ, ಚೀಸ್. ಒಂದರ ಮೇಲೊಂದು ಪದರ ಹಾಕಿ ಓವನ್ನಿಗಿಟ್ಟಳು. ಚೀಸ್ ಗುಳ್ಳೆ ಎದ್ದು ಅಂಚು ಕೆಂಪಗಾಗುತ್ತಲೇ ಪಾತ್ರೆಯನ್ನು ಕೈಗೆ ಸಿಕ್ಕ ತೆಳು ಟವೆಲಿನಲ್ಲಿ ಸುತ್ತಿ, ಕಾವಲುಗಾರನಿಂದ ವರ್ಕ್‌ಶಾಪಿನ ವಿಳಾಸ ಕೇಳಿಕೊಂಡು ಆಟೋ ಹತ್ತಿದಳು. ತೊಡೆ ಸುಡುತ್ತಿತ್ತು. ಲೆಕ್ಕಿಸಲಿಲ್ಲ.

ವರ್ಕ್‌ಶಾಪಿನ ಗೋಡೆಯುದ್ದಕ್ಕೂ ಕೆಂಪು ಸಿಲಿಂಡರುಗಳ ಸಾಲು. ಅವನು ಸ್ಟೂಲಿನ ಮೇಲೆ ಕೂತು ಒಂದರ ಒತ್ತಡ ತೋರಿಸುವ ಮುಳ್ಳು ನೋಡುತ್ತಿದ್ದ. ಮುಂದೆ ಪೇಪರಿನ ಮೇಲೆ ಅರ್ಧ ತಿಂದ ಬ್ರೆಡ್ಡು. ಅವಳನ್ನು ಕಂಡು ಗಾಬರಿಯಿಂದ ಎದ್ದ.

"ನೀವು ಇಲ್ಲಿ? ಏನಾಯ್ತು?" ಅಲ್ಲಿಯೂ ಪಿಸುಗುಟ್ಟಿದ! ಅವಳೆದುರು ಅವನಿಗೆ ಅದೇ ಅಭ್ಯಾಸವಾಗಿಹೋಗಿತ್ತು.

"ಜೋರಾಗಿ ಮಾತಾಡಿ," ಎಂದಳು.

"ಏನು?"

"ಜೋರಾಗೇ ಮಾತಾಡಿ. ಯಾರೂ ಮಲಗಿಲ್ಲ." ಅವಳು ಪಾತ್ರೆಯನ್ನು ಇನ್ನೂ ಬಿಗಿಯಾಗಿ ಹಿಡಿದಳು. "ಯಾವತ್ತೂ ಮಲಗಿರ್ಲಿಲ್ಲ. ನನಗೆ ಗಂಡ ಇಲ್ಲ. ಆವತ್ತು ನೀವು ಮನೇಲಿ ಯಾರಿದಾರೆ ಅಂದ್ರಲ್ಲ... ಹೆದರಿಕೆಗೆ ಬಾಯಿಗೆ ಬಂದಿದ್ದು ಹೇಳಿದೆ."

ಅವನು ಕಕ್ಕಾಬಿಕ್ಕಿಯಾಗಿ ನಿಂತ. ಆಮೇಲೆ ನಿಧಾನವಾಗಿ ಮುಖ ಕೆಂಪಾಯಿತು.

"ಆಮೇಲೆ?" ಈಗ ದನಿ ನಿಜವಾಗಿಯೂ ಜೋರಾಗಿತ್ತು. "ಆಮೇಲೆ ಹೇಳ್ಬಹುದಿತ್ತಲ್ಲ? ಇನ್ನೊಬ್ಬರ ಹೆಂಡತೀನ ಇಷ್ಟಪಡ್ತಿದೀನಿ ಅಂತ ನಾನು ಎಷ್ಟು ಒದ್ದಾಡಿದೀನಿ ಗೊತ್ತಾ? ಮನೆ ಬಿಡೋಕೆ ಹೊರಟಿದೀನಿ! ಬಾಗಿಲಿಗೆ ಎಣ್ಣೆ ಬಿಡೋವಾಗ ಸುಮ್ನೆ ನೋಡ್ತಾ ನಿಂತಿದ್ರಲ್ಲ!"

"ಹೂಂ. ನಿಂತಿದ್ದೆ." ಅವಳು ಕಣ್ಣೊರೆಸಿಕೊಳ್ಳಲೂ ಇಲ್ಲ, ಕೈ ಎರಡೂ ಬಿಸಿ ಪಾತ್ರೆಯ ಮೇಲಿದ್ದವು. "ನಮ್ಮನೇಲಿ ಒಬ್ಬರಿದಾರೆ ಅಂತ ನೀವು ನಂಬಿದ್ರಿ. ನೀವು ನಂಬಿದಷ್ಟು ಹೊತ್ತು ನನಗೂ ಹಾಗೇ ಅನಿಸ್ತಿತ್ತು. ನಿಜ ಹೇಳಿದ್ರೆ ಆ ಮನೆ ಖಾಲಿ ಅಂತ ಒಪ್ಕೋಬೇಕಿತ್ತು. ಬೈರಿ. ಎಷ್ಟು ಬೇಕೋ ಅಷ್ಟು ಬೈರಿ. ಆದ್ರೆ... ಹೋಗ್ಬೇಡಿ."

ಅವನು ಸಿಲಿಂಡರುಗಳತ್ತ ಮುಖ ತಿರುಗಿಸಿ ನಿಂತ. ಅವಳಿಗೆ ಗೊತ್ತಾಯಿತು... ಮುಗಿಯಿತು. ಪಾತ್ರೆಯನ್ನು ಮೇಜಿನ ಮೇಲಿಟ್ಟು ಬಾಗಿಲ ಕಡೆ ನಡೆದಳು.

"ನಿಂತ್ಕೊಳ್ಳಿ," ಎಂದ ಅವನು ಹಿಂದಿನಿಂದ. "ಕೈ ತೋರ್ಸಿ."

"ಏನಿಲ್ಲ..."

"ತೋರ್ಸಿ ಅಂದೆ."

ಎರಡೂ ಅಂಗೈ ಕೆಂಪಾಗಿದ್ದವು. ನಲ್ಲಿಯ ಹತ್ತಿರ ಕರೆದೊಯ್ದು ತಣ್ಣೀರಿಗೆ ಹಿಡಿದ. ಬೈಯುತ್ತಲೇ ಹಿಡಿದ. ಬುದ್ಧಿ ಇದೆಯಾ, ಇಷ್ಟು ಬಿಸಿ ಪಾತ್ರೆ ಯಾರಾದ್ರೂ ಹೀಗೆ ಹಿಡ್ಕೊಂಡು ಬರ್ತಾರಾ... ಅವಳು ಆ ಬೈಗುಳವನ್ನು ಹಸಿದವಳಂತೆ ಕೇಳುತ್ತ ನಿಂತಿದ್ದಳು. ಇಷ್ಟು ಜೋರಾಗಿ, ಇಷ್ಟು ಹತ್ತಿರದಿಂದ ಅವಳನ್ನು ಯಾರಾದರೂ ಬೈದು ಬಹಳ ಕಾಲವಾಗಿತ್ತು.

ನೀರು ಹರಿಯುತ್ತಲೇ ಇತ್ತು. ಅವನ ಕೋಪ ಎಲ್ಲಿ ಮುಗಿಯಿತೋ ಇಬ್ಬರಿಗೂ ತಿಳಿಯಲಿಲ್ಲ. ಕೈ ಮಾತ್ರ ಬಿಟ್ಟಿರಲಿಲ್ಲ.

"ಸಾಮಾನು ಸಾಗಿಸೋನಿಗೆ ನಾಳೆ ಬರ್ಬೇಡ ಅಂತ ಹೇಳ್ಬೇಕು," ಎಂದ ಕೊನೆಗೆ.

ಅವಳು ತಲೆಯೆತ್ತಿ ನೋಡಿದಳು.

"ಹಾಗಾದ್ರೆ... ನಾಳೆ ಮಧ್ಯಾಹ್ನ ಎಂಚಿಲಾಡಾ ಮಾಡಿ ಡಬ್ಬಿಗೆ ಹಾಕಿಡ್ಲಾ?"

"ಡಬ್ಬಿ ಬೇಡ."

"ಮತ್ತೆ?"

"ಬಡಿಸಿ," ಎಂದ ಅವನು. "ಇಬ್ರೂ ಕೂತು ತಿನ್ನೋಣ."