ಮೂವತ್ತೆರಡಕ್ಕೇ ವಯೋನಿವೃತ್ತಿ!

"ಇಲ್ಲಿ ಪ್ರಸನ್ನಕುಮಾರ್ ಅಂದ್ರೆ ಯಾರು?"

ದೊಡ್ಡೇರಿ ಹೈಸ್ಕೂಲಿನ ಮೈದಾನದಲ್ಲಿ ಸ್ಕೂಟಿ ನಿಲ್ಲಿಸಿದವಳೇ ಲೋಹಿತಾ ಕೂಗಿದಳು. ಕಣ್ಣುಗಳು ಕೆಂಪಾಗಿದ್ದವು. ಸಿಟ್ಟಿಗೋ, ಮಧುಗಿರಿಯಿಂದ ದಾರಿಯುದ್ದಕ್ಕೂ ಅತ್ತಿದ್ದಕ್ಕೋ... ಅವಳಿಗೇ ಗೊತ್ತಿರಲಿಲ್ಲ.

ಮೂಲೆಯಲ್ಲಿ ಬಗ್ಗಿದ್ದವನೊಬ್ಬ ಎದ್ದು ನಿಂತ. ಮಡಿಚಿದ ಪ್ಯಾಂಟು, ಮೊಣಕೈವರೆಗೆ ಸಗಣಿ!

"ನಾನೇ ಮೇಡಂ... ಪಿಟಿ ಮೇಷ್ಟ್ರು."

"ಏನ್ರೀ ಇದು? ನಿಮ್ಮ ಫೋಟೋನೂ ಇದೆಯಲ್ಲ ಇದರಲ್ಲಿ!"

ಮೊಬೈಲನ್ನು ಅವನ ಮುಖಕ್ಕೇ ಹಿಡಿದಳು. ಅಂದು ಬೆಳಿಗ್ಗೆ ಮಧುಗಿರಿ ಬಸ್‌ಸ್ಟ್ಯಾಂಡಿನ ಎದುರು ಒಂದು ಫ್ಲೆಕ್ಸ್ ಎದ್ದಿತ್ತು. ರ್ಯಾಕೆಟ್ ಹಿಡಿದ ಅವಳ ನಗುಮುಖ. ಕೆಳಗೆ ದಪ್ಪ ಅಕ್ಷರದಲ್ಲಿ, 'ವಯೋನಿವೃತ್ತಿ ಹೊಂದಿದ ನಮ್ಮೂರ ಟೆನಿಸ್ ತಾರೆ ಲೋಹಿತಾ ಅವರಿಗೆ ಹೃತ್ಪೂರ್ವಕ ಬೀಳ್ಕೊಡುಗೆ.' ಶುಭ ಕೋರುವವರ ಸಾಲಿನಲ್ಲಿ ಎರಡನೆಯವನೇ ದೊಡ್ಡೇರಿ ಹೈಸ್ಕೂಲಿನ ಈ ಮಹಾಶಯ.

ಓದಿದ ಪ್ರಸನ್ನ ಸಗಣಿ ಕೈಯಲ್ಲೇ ಹಣೆ ಚಚ್ಚಿಕೊಂಡ.

"ಅಯ್ಯಯ್ಯೋ! ನಾವು ಹೇಳಿದ್ದು ಸನ್ಮಾನ ಅಂತ ಮೇಡಂ. ಹೋದ ತಿಂಗಳು ನಮ್ಮ ಹೆಡ್‌ಮಾಸ್ಟ್ರು ರಿಟೈರಾದ್ರು. ಫ್ಲೆಕ್ಸ್ ಅಂಗಡಿ ರೇಣುಕಯ್ಯ ಅದರಲ್ಲೇ ಹೆಸರು, ಫೋಟೋ ಬದಲಾಯಿಸಿ ಹೊಡೆದ್ಬುಟ್ಟವ್ನೆ!"

"ಅವರಿಗೆ ಅರವತ್ತು. ನನಗೆ ಮೂವತ್ತೆರಡು ಕಣ್ರೀ!"

ಜೋರಾಗಿ ಹೇಳಿದಳೇನೋ ನಿಜ. ಮರುಕ್ಷಣವೇ ದನಿ ಬಿದ್ದುಹೋಯಿತು. ಟೆನಿಸ್‌ನಲ್ಲಿ ಮೂವತ್ತೆರಡು ಅಂದರೇನು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಾರು? ಎದುರಿಗೆ ಬರುವವರೆಲ್ಲ ಹದಿನೇಳು, ಹದಿನೆಂಟರ ಹುಡುಗಿಯರು. ಮೂರು ಗಂಟೆ ಆಡಿ ಮರುದಿನ ಕುಣಿಯುತ್ತ ಬರುತ್ತಾರೆ. ಇವಳಿಗೆ ಒಂದು ಪಂದ್ಯ ಮುಗಿದರೆ ಎರಡು ದಿನ ಮಂಡಿಗೆ ಐಸು. ಇನ್ನು ಇಪ್ಪತ್ತೆರಡು ದಿನಕ್ಕೆ ಪುಣೆಯಲ್ಲಿ ಮಣ್ಣಿನ ಕೋರ್ಟಿನ ಟೂರ್ನಿಯಿತ್ತು. ಅಲ್ಲಿ ಮುಖ್ಯ ಸುತ್ತಿನಲ್ಲಿ ಒಂದಾದರೂ ಪಂದ್ಯ ಗೆಲ್ಲದಿದ್ದರೆ ರ್ಯಾಂಕಿಂಗ್ ಪಟ್ಟಿಯಿಂದಲೇ ಅವಳ ಹೆಸರು ಅಳಿಸಿಹೋಗುತ್ತದೆ.

'ಹೋಗಬೇಕಾ? ಮರ್ಯಾದೆಯಾಗಿ ಬಿಟ್ಟುಬಿಡಬೇಕಾ?' ತಿಂಗಳಿಂದ ಕಾಡುತ್ತಿದ್ದ ಪ್ರಶ್ನೆಗೆ ಊರೇ ಫ್ಲೆಕ್ಸ್ ಕಟ್ಟಿ ಉತ್ತರ ಕೊಟ್ಟಿತ್ತು!

"ಇರಲಿ ಬಿಡಿ. ಶಾಲು ಹೊದಿಸಿ ಕಳಿಸಿಬಿಡಿ," ಎಂದು ತಿರುಗಿದಳು.

"ಮೇಡಂ, ಒಂದು ನಿಮಿಷ... ಇದರ ಮೇಲೆ ನಿಂತು ನೋಡ್ಬುಟ್ಟು ಹೋಗಿ."

ಆಗ ಅವಳು ನೆಲ ನೋಡಿದಳು. ಅಚ್ಚುಕಟ್ಟಾದ ಆಯತ, ನಯವಾದ ಮಣ್ಣು, ಅರ್ಧ ಸಾರಿಸಿದ ಸಗಣಿ.

"ಏನಿದು? ರಾಗಿ ಕಣವಾ?"

"ಕಣ ಮಾಡಿದಂಗೇ ಮಾಡಿದೀನಿ. ಕೆರೆ ಮಣ್ಣು ಹಾಕಿ, ನೀರು ಬಿಟ್ಟು, ರಾಗಿ ಒಕ್ಕೋ ಕಲ್ಲುಗುಂಡು ಎಳೆಸಿದೆ. ಸಿಮೆಂಟ್ ಕೋರ್ಟು ನಿಮ್ಮ ಮಂಡಿ ತಿಂದ್ಹಾಕ್ತು ಅಂತ ಪೇಪರಲ್ಲಿ ಓದಿದ್ದೆ. ಸನ್ಮಾನದ ದಿನ ತೋರಿಸೋಣ ಅಂತಿದ್ದೆ... ಪುಣೆಗೆ ಇಲ್ಲಿಂದಲೇ ತಯಾರಾಗಿ ಅಂತ."

ಬೀಳ್ಕೊಡುವವನು ಯಾರಾದರೂ ಕೋರ್ಟು ಕಟ್ಟುತ್ತಾನೆಯೇ? ಲೋಹಿತಾ ಶೂ ಬಿಚ್ಚಿ ಸಗಣಿ ಒಣಗಿದ ಭಾಗದಲ್ಲಿ ನಿಂತಳು. ಮೆಲ್ಲಗೆ ಒಮ್ಮೆ ಹಾರಿದಳು. ಮಂಡಿ ನೋಯಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ, ಇನ್ನೊಮ್ಮೆ ಹಾರಿದಳು.

ಮರುದಿನದಿಂದ ದಿನಾ ಬೆಳಿಗ್ಗೆ ಶಾಲೆಯ ಗಂಟೆ ಹೊಡೆಯುವವರೆಗೆ ಅಭ್ಯಾಸ. ಪ್ರಸನ್ನನಿಗೆ ಟೆನಿಸ್ ಬರುತ್ತಿರಲಿಲ್ಲ, ಅವನು ವಾಲಿಬಾಲ್‌ನವನು. ಮಂಕರಿ ತುಂಬ ಚೆಂಡು ಇಟ್ಟುಕೊಂಡು ಕೈಯಿಂದಲೇ ಎಸೆಯುತ್ತಿದ್ದ. ಐದನೇ ದಿನ ತಲೆ ಕೆರೆದುಕೊಂಡು ಹೇಳಿದ.

"ಮೇಡಂ, ತಪ್ಪು ತಿಳ್ಕೋಬೇಡಿ... ನೀವು ಆ ಹುಡುಗೀರ ಥರಾ ಓಡೋಕೆ ಹೋಗ್ತೀರ. ಯಾಕೆ? ಹದಿನೈದು ವರ್ಷ ಆಡಿದೀರ. ಚೆಂಡು ಎಲ್ಲಿಗೆ ಬರುತ್ತೆ ಅಂತ ಅವರಿಗಿಂತ ಮುಂಚೆ ನಿಮಗೆ ಗೊತ್ತು. ನೀವು ನಿಂತ್ಕಳಿ, ಅವರನ್ನ ಓಡ್ಸಿ!"

ಲೋಹಿತಾ ನಕ್ಕಳು. ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ! ಆಮೇಲಾಮೇಲೆ ಅಲಾರಂ ಹೊಡೆಯುವ ಮೊದಲೇ ಎಚ್ಚರವಾಗತೊಡಗಿತು. ಅದು ಬರೀ ಟೆನಿಸ್‌ಗಾಗಿ ಅಂತ ತನಗೆ ತಾನೇ ಹೇಳಿಕೊಂಡಳು. ಪಾಪ, ನಂಬಲೂ ಪ್ರಯತ್ನಿಸಿದಳು.

ಹದಿನೆಂಟನೇ ದಿನ ಪ್ರಸನ್ನನ ತಾಯಿ ಸಿದ್ದಗಂಗಮ್ಮ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದರು. ತಿನ್ನುತ್ತಿದ್ದವಳನ್ನು ಅಕ್ಕರೆಯಿಂದ ನೋಡುತ್ತಾ ಕೇಳಿದರು.

"ನಿಂಗೆ ವಯಸ್ಸೆಷ್ಟು ಕಣಮ್ಮ?"

"ಮೂವತ್ತೆರಡು ಅಮ್ಮ."

"ನಮ್ಮ ಪ್ರಸನ್ನಂಗೆ ಇಪ್ಪತ್ತೊಂಬತ್ತು..."

ಬೆರಳು ಮಡಿಚಿದರು. ಏನೋ ಹೇಳಲು ಬಾಯಿ ತೆರೆದವರು ಸುಮ್ಮನಾದರು. ಡಬ್ಬಿ ಎತ್ತಿಕೊಂಡು ಹೊರಟೇಬಿಟ್ಟರು.

ಅರ್ಧ ತಿಂದ ರೊಟ್ಟಿಯನ್ನು ಲೋಹಿತಾ ಪಕ್ಕಕ್ಕಿಟ್ಟಳು. 'ಟೆನಿಸ್‌ಗೂ ವಯಸ್ಸಾಯ್ತು... ಪ್ರೀತಿಗೂ ವಯಸ್ಸಾಯ್ತಾ ನನಗೆ?'

ಮರುದಿನ ಅವಳು ಬರಲಿಲ್ಲ. ಪ್ರಸನ್ನನ ಮೆಸೇಜುಗಳಿಗೆ ಉತ್ತರಿಸಲಿಲ್ಲ. ಯಾರಿಗೂ ಹೇಳದೆ ಪುಣೆಗೆ ಹೊರಟುಹೋದಳು.

ಅಲ್ಲಿ ಅರ್ಹತಾ ಸುತ್ತು ದಾಟಿದಳು. ಮುಖ್ಯ ಸುತ್ತಿನ ಮೊದಲ ಪಂದ್ಯದಲ್ಲಿ ಎದುರಾಳಿಗೆ ಹದಿನೇಳು. ಮೊದಲ ಸೆಟ್ ಮಿಂಚಿನ ಹಾಗೆ ಕೈತಪ್ಪಿತು. ಬೆವರು ಒರೆಸುತ್ತ ಕುಳಿತಾಗ ಕಿವಿಯಲ್ಲಿ ಅದೇ ಮಾತು... "ನಿಂತ್ಕಳಿ, ಅವರನ್ನ ಓಡ್ಸಿ!"

ಒಂದು ಚೆಂಡು ನೆಟ್ಟಿನಾಚೆಯ ಬುಡಕ್ಕೆ, ಮುಂದಿನದು ತಲೆಯ ಮೇಲಿಂದ ಹಿಂದಕ್ಕೆ. ಹುಡುಗಿ ಓಡಿದಳು, ಓಡಿದಳು, ಏದುಸಿರು ಬಿಟ್ಟಳು. ಎರಡನೇ ಸೆಟ್ ಲೋಹಿತಾಳದು. ಮೂರನೆಯದೂ!

ಮುಂದಿನ ಸುತ್ತಿನಲ್ಲಿ ಸೋತಳು. ಇರಲಿ, ಪಟ್ಟಿಯ ಕೆಳಗಿನ ತುದಿಯಲ್ಲಿ ಅವಳ ಹೆಸರು ಉಳಿದಿತ್ತು. ಆದರೆ ಆ ಗೆಲುವನ್ನು ಯಾರಿಗೆ ಹೇಳಬೇಕು ಅಂದಾಗ ಒಂದೇ ಮುಖ ನೆನಪಾಯಿತು.

ಊರಿಗೆ ಬಂದವಳೇ ಮನೆಗೂ ಹೋಗದೆ, ಬ್ಯಾಗ್ ಸಮೇತ ದೊಡ್ಡೇರಿಗೆ ಬಂದಳು. ಇಡೀ ಕೋರ್ಟಿಗೆ ಹಳೆಯ ಫ್ಲೆಕ್ಸುಗಳನ್ನು ಹೊದಿಸಿ, ಅಂಚಿಗೆ ಇಟ್ಟಿಗೆ ಹೇರಿ ಪ್ರಸನ್ನ ಕಾವಲು ಕುಳಿತಿದ್ದ.

"ಇದೇನು?"

"ಮಳೆಗೆ ಕೋರ್ಟು ಕೆಡಬಾರದಲ್ಲ. ನಿಮ್ಮದೂ ಇದೆ ಇದರಲ್ಲಿ. ಮುಖ ಕೆಳಗೆ ಮಾಡಿ ಹಾಸಿದೀನಿ... ನಿಮ್ಮನ್ನ ತುಳಿಯೋಕೆ ಮನಸ್ಸು ಬರಲಿಲ್ಲ." ಅವನು ಜಾರಿದ ಇಟ್ಟಿಗೆಯೊಂದನ್ನು ಸರಿಮಾಡಿದ. "ಹೇಳದಂಗೆ ಹೋಗ್ಬುಟ್ರಲ್ಲ ಮೇಡಂ."

"ನಿಮ್ಮಮ್ಮ ನನ್ನ ವಯಸ್ಸು ಕೇಳಿ ಎದ್ದು ಹೋದ್ರು. ನಾನು ಮೂರು ವರ್ಷ ದೊಡ್ಡವಳು. ಇನ್ನೇನು ಹೇಳಲಿ?"

"ಅಯ್ಯೋ ನನ್ ತಾಯಿ, ಅಂಗಂದ್ಕೊಂಡ್ಯಾ?"

ಊಟದ ಡಬ್ಬಿ ಹಿಡಿದು ಬಂದ ಸಿದ್ದಗಂಗಮ್ಮ ಅಲ್ಲೇ ನಿಂತಿದ್ದರು. ಮುಖ ಕೆಂಪಗಾಗಿತ್ತು.

"ಇವರಪ್ಪಂಗಿಂತ ನಾನು ಎರಡು ವರ್ಷಕ್ಕೆ ದೊಡ್ಡೋಳು ಕಣಮ್ಮ. ನಲವತ್ತು ವರ್ಷದಿಂದ ಯಾರಿಗೂ ಹೇಳಿಲ್ಲ. ಅವತ್ತು ನಿಂಗೆ ಹೇಳೋಣ ಅಂತ ಬಾಯಿಗೆ ಬಂತು... ನಾಚಿಕೆಯಾಗಿ ಎದ್ದು ಬಂದ್ಬುಟ್ಟೆ!"

"ಅಮ್ಮಾ!" ಪ್ರಸನ್ನ ಹೌಹಾರಿದ.

"ಏನ್ಲಾ, ನಿಮ್ಮಪ್ಪ ಚೆನ್ನಾಗಿಲ್ವಾ?" ಎಂದು ಗದರಿ, ಡಬ್ಬಿ ಇಟ್ಟು, ಸೆರಗಿನಲ್ಲಿ ನಗು ಮುಚ್ಚಿಕೊಂಡು ಅವರು ಹೊರಟರು.

ಲೋಹಿತಾ ನಗುತ್ತಲೇ ಅತ್ತಳು.

"ಇನ್ನೆಷ್ಟು ವರ್ಷ ಆಡ್ತೀನೋ ಗೊತ್ತಿಲ್ಲ ಮೇಷ್ಟ್ರೇ. ಒಂದೋ, ಎರಡೋ..."

"ಕಣಾನ ವರ್ಷವರ್ಷ ಹೊಸದಾಗಿ ಮಾಡ್ತೀವಿ. ನೀವು ಆಡೋವರೆಗೂ ಸಾರಿಸ್ತೀನಿ. ಆಡೋದು ಬಿಟ್ಟ ಮೇಲೂ... ನನ್ನ ಜೊತೆ ಇರ್ತೀರಾ?"

ಅವಳು ಅವನ ಮಣ್ಣಿನ ಕೈ ಹಿಡಿದುಕೊಂಡಳು.

"ಇರ್ತೀನಿ. ಆದರೆ ಮದುವೆ ಫ್ಲೆಕ್ಸನ್ನ ರೇಣುಕಯ್ಯಂಗೆ ಕೊಟ್ರೆ ನೋಡಿ!"

"ಕೊಡಲ್ಲ, ಕೊಡಲ್ಲ! ಏನು ಬರೆಸ್ಲಿ ಹೇಳಿ."

"ನನ್ನ ಹೆಸರು... ಪಕ್ಕದಲ್ಲಿ ಮೂವತ್ತೆರಡು ಅಂತ. ದಪ್ಪ ಅಕ್ಷರದಲ್ಲಿ."