ಅಧ್ಯಕ್ಷರ ಅಪ್ಪನ ಮೂಗು

"ಮೂಗು ಇನ್ನೊಂದು ಚೂರು ಉದ್ದ ಬರ್ಲಿ, ವಿಮಲಮ್ಮ. ನಮ್ಮ ಮನೆತನದ ಮೂಗು ಅಂದ್ರೆ ಸುಮ್ನೆ ಅಲ್ಲ!"

ಶಾಲಾ ಕಮಿಟಿ ಅಧ್ಯಕ್ಷ ಚನ್ನಮಲ್ಲಪ್ಪನವರು ತಮ್ಮ ಮೂಗನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕೂತರು. ಪ್ರತಿಮೆಯೇನೋ ಅವರದಲ್ಲ, ಶಾಲೆ ಕಟ್ಟಿಸಿ ತೀರಿಕೊಂಡ ಅವರಪ್ಪ ನಂಜಪ್ಪನವರದು. ಆದರೆ ಫೋಟೋ ತೆಗೆಸಿದರೆ ಆಯಸ್ಸು ಕಮ್ಮಿಯಾಗುತ್ತದೆಂದು ಆ ಹಿರಿಯರು ಒಂದೂ ಫೋಟೋ ತೆಗೆಸಿರಲಿಲ್ಲ; ಅದಕ್ಕೇ ಮಾದರಿಗೆ ಮಗ ಕೂತಿದ್ದರು.

"ನಾನು ನೋಡಿದೀನಿ ಅವರನ್ನ. ಕಿತ್ತಳೆ ಕದ್ದು ಸಿಕ್ಕಿಬಿದ್ದಾಗ ಬಹಳ ಹತ್ತಿರದಿಂದ್ಲೇ ನೋಡಿದೀನಿ" ಎಂದಳು ವಿಮಲತ್ತೆ.

ಮೂಲೆಯಲ್ಲಿ ಮಣ್ಣು ನಾದುತ್ತಿದ್ದ ಸುಮಿ ಕಿಸಕ್ಕನೆ ನಕ್ಕಳು. ಅಧ್ಯಕ್ಷರು ಆಚೆ ಹೋದದ್ದೇ ತಡ, ಅತ್ತೆ ಆ ಉದ್ದ ಮೂಗನ್ನು ಹೆಬ್ಬೆರಳಿನಿಂದ ಒತ್ತಿ ಮೊಂಡು ಮಾಡಿದಳು.

ಅತ್ತೆ ಮದರಾಸಿನಲ್ಲಿ ಐದು ವರ್ಷ ಶಿಲ್ಪ ಕಲಿತವಳು. ಊರಿನವರಿಗೆ ಮಾತ್ರ ಅವಳು 'ಮಣ್ಣಾಟದ ವಿಮಲಮ್ಮ'. "ಇಷ್ಟು ದೊಡ್ಡೋರೂ ಬೊಂಬೆ ಆಡ್ತಾರಾ?" ಎಂದು ಐದನೇ ಕ್ಲಾಸಿನ ದೇವರಾಜು ದಿನಾ ಸುಮಿಯನ್ನು ರೇಗಿಸುತ್ತಿದ್ದ.

"ನೋಡ್ತಿರು, ಪ್ರತಿಮೆ ಕೆಳಗಿನ ಕಲ್ಲಲ್ಲಿ ನಮ್ಮತ್ತೆ ಹೆಸರು ಕೆತ್ತಿಸ್ತಾರೆ!" ಎಂದು ಸುಮಿ ಇಡೀ ಕ್ಲಾಸಿನ ಮುಂದೆ ಹೇಳಿಬಿಟ್ಟಿದ್ದಳು.

ಆ ದಿನ ಬಂತು. ಮಡಿಕೇರಿಯಿಂದ ಬಂದ ಆಫೀಸರು ಶಾಲೆ ಗೇಟಿನ ಬಳಿ ಪರದೆ ಎಳೆದರು. ಸುಮಿ ಪ್ರತಿಮೆ ನೋಡಲಿಲ್ಲ, ಕಲ್ಲಿನ ಹತ್ತಿರ ಓಡಿದಳು. ಆಫೀಸರ ಹೆಸರಿತ್ತು. ಚನ್ನಮಲ್ಲಪ್ಪನವರದು ಎರಡು ಸಲ ಇತ್ತು: ಒಮ್ಮೆ ಅಧ್ಯಕ್ಷರೆಂದು, ಇನ್ನೊಮ್ಮೆ ಸುಪುತ್ರರೆಂದು. ಕಮಿಟಿಯವರೆಲ್ಲ ಇದ್ದರು, ಸಿಮೆಂಟು ತಂದ ಲಾರಿಯ ಮಹದೇವಪ್ಪನೂ ಇದ್ದ. ಅತ್ತೆ ಇರಲಿಲ್ಲ.

"ಎಲ್ಲೇ ನಿಮ್ಮತ್ತೆ? ಲಾರಿಯಿಂದ ಬಿದ್ದೋದ್ರಾ?" ಎಂದ ದೇವರಾಜು.

ಸುಮಿಗೆ ಅಳು ಬಂತು. ನೇರ ಅಧ್ಯಕ್ಷರ ಹತ್ತಿರ ಹೋದಳು. "ಸಾರ್, ಅತ್ತೆ ಹೆಸರು?"

"ಕಲ್ಲಲ್ಲಿ ಜಾಗ ಸಾಲ್ಲಿಲ್ಲ ಮಗೂ. ಮೂಗು ನೋಡಿದ್ಯಾ? ಥೇಟ್ ನಂದೇ!"

ಸುಮಿ ಅತ್ತೆಯ ಸೆರಗು ಜಗ್ಗಿದಳು. "ನೀನಾದ್ರೂ ಕೇಳತ್ತೆ!"

"ಬೆಳಗ್ಗೇನೇ ಕೇಳ್ದೆ. ನಂಗೂ ಅದೇ ಉತ್ತರ ಬಂತು."

ಜನರೆಲ್ಲ ಕಲ್ಲಿಗೆ ಮುತ್ತಿಕೊಂಡು ತಂತಮ್ಮ ಹೆಸರಿನ ಮೇಲೆ ಬೆರಳಾಡಿಸುತ್ತಿದ್ದರು. ಅಷ್ಟರಲ್ಲಿ ರಸ್ತೆಯಲ್ಲಿ ಜವರಯ್ಯ ಬಂದ. ಮೂವತ್ತು ವರ್ಷ ನಂಜಪ್ಪನವರ ಗಾಡಿ ಹೊಡೆದ ಮುದುಕ. ಪಂಚೆಯನ್ನು ಮೊಣಕಾಲ ಮೇಲೆ ಮಡಿಚಿ ಕಟ್ಟಿ, ಏನೋ ಗೊಣಗುತ್ತ ಬರುತ್ತಿದ್ದವನು ಗೇಟಿನತ್ತ ನೋಡಿದವನೇ ಗಕ್ಕನೆ ನಿಂತ. ಮಡಿಚಿದ ಪಂಚೆ ಸರ್ರನೆ ಕೆಳಗಿಳಿಯಿತು.

"ಬಂದೆ ಯಜಮಾನ್ರೇ... ಎತ್ತಿಗೆ ನೀರು ಕುಡಿಸ್ತಿದ್ದೆ..."

ಮರುಕ್ಷಣ ಅವನು ಸುತ್ತಮುತ್ತ ನೋಡಿ, ನಾಲಿಗೆ ಕಚ್ಚಿಕೊಂಡು, ಬಿರಬಿರನೆ ನಡೆದುಬಿಟ್ಟ.

ಕಲ್ಲಿನ ಹತ್ತಿರ ಇದ್ದವರಾರೂ ಅದನ್ನು ನೋಡಲಿಲ್ಲ. ಅತ್ತೆ ನೋಡಿದಳು. ಸುಮಿಯೂ ನೋಡಿದಳು.

"ಏಯ್, ಹೇಳೇ, ಎಲ್ಲಿ ನಿಮ್ಮತ್ತೆ?" ದೇವರಾಜು ಮತ್ತೆ ಕೂಗಿದ.

ಸುಮಿ ಮೊದಲ ಸಲ ತಲೆಯೆತ್ತಿ ಪ್ರತಿಮೆಯ ಮುಖವನ್ನು ನೋಡಿದಳು. ಅವಳಿಗೇ ಗೊತ್ತಿಲ್ಲದ ಹಾಗೆ ಅವಳ ಕೈ ಲಂಗದ ಸುಕ್ಕು ಸರಿಮಾಡುತ್ತಿತ್ತು.