ಬೇಡ ಎನ್ನಲು ಬಾರದವನು

ಮೊದಲ ಹೋಳಿಗೆಗೆ ಅವನು ಬೇಡ ಅನ್ನಲಿಲ್ಲ. ಎರಡನೆಯದಕ್ಕೂ ಅನ್ನಲಿಲ್ಲ. ಮೂರನೆಯದು ಎಲೆಗೆ ಬೀಳುವಾಗ ಮಾತ್ರ ತಲೆ ಎತ್ತಿ ನೋಡಿದ...

ಆ ಕಣ್ಣುಗಳಲ್ಲಿ ಏನಿತ್ತೋ, ದಾಕ್ಷಾಯಣಿಯ ಕೈಯಲ್ಲಿದ್ದ ಬುಟ್ಟಿ ಅಲ್ಲೇ ನಿಂತಿತು.

ಕಾಶಿಯ ಮಠದಲ್ಲಿ ಭಾನುವಾರದ ಪಂಕ್ತಿಯೆಂದರೆ ಹಾಗೆಯೇ. ಸಾಕಾದವರು ಎಲೆಗೆ ಕೈ ಅಡ್ಡ ಹಿಡಿಯಬೇಕು, ಇಲ್ಲದಿದ್ದರೆ ಬಡಿಸುತ್ತಲೇ ಹೋಗುತ್ತಾರೆ. ಬಡಿಸಿದ್ದು ಪ್ರಸಾದ, ಎಲೆಯಲ್ಲಿ ಬಿಡುವಂತಿಲ್ಲ.

ಇವನು ಕೈ ಅಡ್ಡ ಹಿಡಿಯಲೇ ಇಲ್ಲ.

‘ಹೋಳಿಗೆ ಅಂದರೆ ಪ್ರಾಣ ಇರಬೇಕು ಪಾಪ’ ಅಂದುಕೊಂಡು ಅವಳು ಮತ್ತೊಂದು ಹಾಕಿದಳು.

ಅವನು ಗುರುಪ್ರಕಾಶ. ದಾವಣಗೆರೆಯಿಂದ ಕಾಶಿಯ ಭೇಲೂಪುರ ಬಡಾವಣೆಯ ಬ್ಯಾಂಕಿಗೆ ವರ್ಗವಾಗಿ ಬಂದವನು. ಊಟವಾದ ಮೇಲೆ ದಾಕ್ಷಾಯಣಿಯ ತಂದೆ, ಮಠದ ಕಚೇರಿ ನೋಡಿಕೊಳ್ಳುವ ಕೊಟ್ಟೂರಯ್ಯನವರು, ಅವನನ್ನು ಹತ್ತಿರದ ಸೋನಾರ್‌ಪುರದ ತಮ್ಮ ಮನೆಗೆ ಕರೆತಂದರು. ಭಾನುವಾರ ಮಧ್ಯಾಹ್ನ ಕನ್ನಡದ ನಾಲ್ಕಾರು ಮನೆಯವರೆಲ್ಲ ಅಲ್ಲೇ ಟಿವಿ ಮುಂದೆ ಸೇರುವುದು. ನೋಡುವುದು ‘ನೌಕೆ ನಿಹಾರಿಕೆ’. ನಕ್ಷತ್ರಗಳ ನಡುವೆ ದಾರಿ ತಪ್ಪಿದ ಹಡಗೊಂದರ ಧಾರಾವಾಹಿ. ಅಜ್ಜಿ ಅನ್ನದಾನಮ್ಮನಿಗೆ ಅದರ ಒಂದು ಕಂತೂ ತಪ್ಪಬಾರದು.

ಗುರುಪ್ರಕಾಶ ಬಾಗಿಲ ಪಕ್ಕದ ಕುರ್ಚಿ ಹಿಡಿದ. ಮುಂದಿನ ವಾರಗಳಲ್ಲೂ ಅದೇ ಕುರ್ಚಿ. ಮಾತಿಲ್ಲ. ಆದರೆ ಕರೆಂಟ್ ಹೋಗಿ ಅಜ್ಜಿ ಕಥೆ ಶುರು ಮಾಡಿದರೆ, ಸರಿಯಾದ ಜಾಗದಲ್ಲಿ ‘ಹ್ಞೂಂ’ ಅನ್ನುತ್ತಿದ್ದವನು ಅವನೊಬ್ಬನೇ.

ಆ ‘ಹ್ಞೂಂ’ಗೇ ದಾಕ್ಷಾಯಣಿ ಸೋತಿದ್ದಳು.

ಆಮೇಲೆ ಆ ಭಾನುವಾರ ಬಂತು.

ಹಡಗಿನ ಎಂಜಿನಿಯರ್ ವಿಭು ಜನರನ್ನು ಕಂಡರೆ ಬೆವರುವವನು. ಅವತ್ತು ಕ್ಯಾಪ್ಟನ್ ಅವನನ್ನು ಎಲ್ಲರೆದುರು ಹೊಗಳಲು ಕರೆದಳು. ವಿಭು ಗಾಳಿಯ ಕೊಳವೆಯೊಳಗೆ ಹೋಗಿ ಅಡಗಿದ. ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು.

"ಇಂಥಾವಂಗ ಹೆಣ್ಣು ಯಾರು ಕೊಡ್ತಾರ ಯವ್ವಾ?" ಎಂದಳು ಅಜ್ಜಿ.

ದಾಕ್ಷಾಯಣಿ ಎದ್ದು, ಸೆರಗಿನಲ್ಲಿ ಮುಖ ಮುಚ್ಚಿ, ವಿಭುವಿನಂತೆ ಮಂಚದ ಕೆಳಗೆ ತೂರುವ ಆಟ ಆಡಿದಳು. ನಗು ಇನ್ನೂ ಹೆಚ್ಚಿತು.

ಅವಳು ಹೊರಬರುವಷ್ಟರಲ್ಲಿ ಬಾಗಿಲ ಪಕ್ಕದ ಕುರ್ಚಿ ಖಾಲಿ.

ಮುಂದಿನ ಭಾನುವಾರ ಅವನು ಬರಲಿಲ್ಲ, ಪಂಕ್ತಿಗೂ ಬರಲಿಲ್ಲ. ವಿಚಿತ್ರವೆಂದರೆ ಅವತ್ತಿನ ಕಂತಿನಲ್ಲಿ ವಿಭುವೂ ಇರಲಿಲ್ಲ. ಯಾರೂ ನಗಲಿಲ್ಲ.

"ಅವನಿಲ್ದ ಹಡಗು ಬಣ ಬಣ ಅಂತೈತಿ. ಆರ್ಸು ಅದನ್ನ," ಅಂದಳು ಅಜ್ಜಿ.

ಆಗ ಕೊಟ್ಟೂರಯ್ಯ ಹೇಳಿದರು, "ಗುರುಪ್ರಕಾಶ ಊರಿಗೆ ವರ್ಗ ಕೇಳ್ಯಾನಂತ."

ದಾಕ್ಷಾಯಣಿ ಬಾಗಿಲ ಪಕ್ಕದ ಖಾಲಿ ಕುರ್ಚಿಯತ್ತ ನೋಡಿದಳು. ‘ನಾನೇ ಓಡಿಸಿದೆ...’

ಸೋಮವಾರ ಅವಳು ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದಳು.

"ಬತಾಯಿಯೇ," ಎಂದು ಕೆಲಸವೇನೆಂದು ಹಿಂದಿಯಲ್ಲೇ ಕೇಳಿದ ಅವನು, ತಲೆ ಎತ್ತದೆ.

"ನೀವು ಎದ್ದು ಹೋದ ಮ್ಯಾಲೆ ನಾ ಏನಂದೆ ಅಂತ ನೀವು ಕೇಳಲಿಲ್ಲ."

ಅವನ ಪೆನ್ನು ನಿಂತಿತು. "ಕೇಳಿದ್ದೇ ಸಾಕಾಗಿತ್ತು ರೀ."

"ನಾ ವಿಭುನ ಆಟ ಆಡಿದ್ದು ಹೌದು. ಕಾಲೇಜಿನಾಗ ವೈವಾ ಪರೀಕ್ಷೆ ದಿನ ನಾನೂ ಮೆಟ್ಟಿಲ ಕೆಳಗ ಅಡಗಿದ್ದೆ. ಅವನ್ನ ನೋಡಿದ್ರ ನನ್ನನ್ನೇ ನೋಡಿದಂಗ ಆಗತೈತಿ, ಅದಕ್ಕ ನಗು ಬಂತು. ಆದ್ರ ನೀವಿದ್ದಿರಿ ಅನ್ನೋದು ಮರತೆ. ತಪ್ಪಾತು."

ಸಾಲಿನಲ್ಲಿ ಹಿಂದಿದ್ದ ಮುದುಕರೊಬ್ಬರು ಬೇಗ ಮುಗಿಸೆಂದು ಗೊಣಗಿದರು, "ಬಿಟಿಯಾ, ಜಲ್ದಿ ಕರೋ."

"ಏಕ್ ಮಿನಿಟ್, ಚಾಚಾ."

ಅವನು ಈಗ ಗಾಜಿನಾಚೆಯಿಂದ ನೇರ ನೋಡುತ್ತಿದ್ದ. "ಆಮೇಲೆ... ಏನಂದ್ರಿ?"

"ಹೆಣ್ಣು ಯಾರು ಕೊಡ್ತಾರ ಅಂದ್ಲಲ್ಲ ಅಜ್ಜಿ? ಯಾರೂ ಕೊಡೋದು ಬ್ಯಾಡ, ನಾನೇ ಹೋಗ್ತೀನಿ ಅಂದೆ."

"ವಿಭು ಹತ್ರ?"

"ವಿಭು ಟಿವಿಯೊಳಗ ಇದ್ದಾನ," ಎಂದು ಅವಳು ಹೊರಟೇ ಬಿಟ್ಟಳು. ಬಾಗಿಲು ದಾಟುವವರೆಗೂ ತಿರುಗಿ ನೋಡಲಿಲ್ಲ.

ಭಾನುವಾರ ಅವನು ಬಂದು ಪಂಕ್ತಿಯಲ್ಲಿ ಅಜ್ಜಿಯ ಎದುರೇ ಕುಳಿತ. ದಾಕ್ಷಾಯಣಿ ಬುಟ್ಟಿಯೊಂದಿಗೆ ಬಗ್ಗಿದಳು.

ಎಲೆಗೆ ಅಡ್ಡವಾಗಿ ಒಂದು ಕೈ ಬಂತು.

"ಸಾಕು," ಅಂದ ಅವನು. ಎಷ್ಟು ಗಟ್ಟಿಯಾಗಿ ಅಂದರೆ ಪಂಕ್ತಿಯೆಲ್ಲ ತಿರುಗಿತು.

"ಒಂದಾದ್ರೂ ಹಾಕಿಸ್ಕೊರಿ. ನಿಮಗ ಹೋಳಿಗಿ ಅಂದ್ರ ಪ್ರಾಣ ಅಲ್ಲೇನು?"

"ನನಗೆ ಸಿಹಿ ಸೇರೋದೇ ಇಲ್ಲ, ದಾಕ್ಷಾಯಣಿ."

ಅವಳು ದಂಗಾದಳು. "ಮತ್ತ... ಇಷ್ಟು ವಾರ ತಿಂದ್ರಲ್ಲ?"

"ನೀವು ಬಡಿಸ್ತಿದ್ರಿ."

ಅವಳು ಬುಟ್ಟಿ ಕೆಳಗಿಟ್ಟು ಇನ್ನಷ್ಟು ಬಗ್ಗಿದಳು.

"ವರ್ಗ?" ಎಂದು ಪಿಸುಗುಟ್ಟಿದಳು.

"ಬೇಡ ಅಂತ ಹೇಳಿ ಬಂದೆ. ಈಗ ನಿಮ್ಮ ಅಪ್ಪನ ಹತ್ರ ಮಾತಾಡಬೇಕು. ಮೂರು ಸಲ ಅವರ ಕಚೇರಿ ಬಾಗಿಲವರೆಗೆ ಹೋಗಿ ವಾಪಸ್ ಬಂದೆ."

"ನಾ ಬಾಜೂಕ ನಿಂದ್ರತೀನಿ."

ಎದುರಿನಿಂದ ಅಜ್ಜಿಯ ದನಿ ಬಂತು, "ಲಗೂ ಮಾತು ಮುಗಸ್ರಿ. ಇವತ್ತು ನಮ್ಮ ವಿಭು ಬರ್ತಾನ."

ದಾಕ್ಷಾಯಣಿ ನಗು ತಡೆದುಕೊಂಡಳು. "ಹಂಗಾರ ನಿಮಗ ಏನು ಹಾಕ್ಲಿ?"

ಅವನು ಮೊದಲ ಬಾರಿಗೆ ಬಾಯಿ ತುಂಬ ನಕ್ಕ.

"ಚಟ್ನಿಪುಡಿ ಇದ್ರೆ... ಸ್ವಲ್ಪ."